ತಲಪರಿಗೆಯ ಅರಿವು: ಕಮ್ಮಟದಿಂದ ಕಣಜಕ್ಕೆ

(ಮಧುಗಿರಿಯಲ್ಲಿ ನಡೆದ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

 

ನಾನು ಪ್ರವಚನಕಾರನಲ್ಲ. ಸರ್ಕಾರಿ ಎಂಜಿನಿಯರಾಗಿ ಕೆರೆ ಏರಿ, ತೂಬು, ಚೆಕ್ ಡ್ಯಾಂ ಎಂದು ಓಡಾಡಿ ನಿವೃತ್ತನಾದವನು. ನನಗೆ ಕೊಟ್ಟಿರುವ ವಿಷಯ ‘ಅನುಭವ ಮಂಟಪ ಮತ್ತು ಇಂದಿನ ಸಮಾಜ’. ತತ್ತ್ವವನ್ನು ಹೇಳಲು ನನಗಿಂತ ಬಲ್ಲವರು ಇಲ್ಲಿದ್ದಾರೆ. ನಾನು ನೀರಿನ ಮೂಲಕ ಮಾತ್ರ ಇದನ್ನು ಹೇಳಬಲ್ಲೆ. ಆದ್ದರಿಂದ ಮೊದಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಇಡುತ್ತೇನೆ.

ಕೆಲಸಕ್ಕೆ ಸೇರಿದ ಹೊಸತು. ಒಂದು ಹಳ್ಳಕ್ಕೆ ಅಡ್ಡಲಾಗಿ ಚೆಕ್ ಡ್ಯಾಂ ಕಟ್ಟುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನೀರು ಅಡಿಯಿಂದ ಸೋರಬಾರದೆಂದು ಮರಳನ್ನೆಲ್ಲ ತೆಗೆದು, ಬಂಡೆ ಸಿಗುವವರೆಗೆ ಅಗೆದು, ಅಲ್ಲಿಂದ ಕಾಂಕ್ರೀಟ್ ಗೋಡೆ ಎಬ್ಬಿಸಬೇಕು. ಪುಸ್ತಕ ಹೇಳುವುದೂ ಅದನ್ನೇ. ಪಾಯ ಅಗೆಯುವಾಗ ಆ ಊರಿನ ನೀರುಗಂಟಿ ಬಂದು ದಡದಲ್ಲಿ ಕುಕ್ಕರಗಾಲಿನಲ್ಲಿ ಕೂತರು. ಎಪ್ಪತ್ತರ ಮೇಲಿನ ವಯಸ್ಸು. “ಬ್ಯಾಡ ಸ್ವಾಮಿ, ಬಂಡೆ ಸಿಗೋಗಂಟ ಅಗೀಬೇಡಿ. ಕೆಳಗ್ಲ ತಲಪರಿಗೆಗೆ ಉಸುರು ಇಲ್ಲಿಂದ್ಲೇ ಹೋಗೋದು” ಎಂದರು. ನಾನು ನಕ್ಕೆ. “ತಾತ, ನೀರು ನಿಲ್ಲಿಸೋಕೆ ತಾನೆ ಇದನ್ನ ಕಟ್ತಿರೋದು” ಎಂದೆ. ಅವರು ಮತ್ತೆ ಮಾತಾಡಲಿಲ್ಲ. ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಹೋದರು.

ಚೆಕ್ ಡ್ಯಾಂ ಚೆನ್ನಾಗಿಯೇ ಬಂತು. ಎರಡು ವರ್ಷ ಕಳೆದು ಆ ದಾರಿಯಲ್ಲಿ ಹೋದಾಗ ಕೆಳಗಿನ ತಲಪರಿಗೆ ಒಣಗಿತ್ತು. ಅದನ್ನು ನಂಬಿದ್ದ ಗದ್ದೆಯಲ್ಲಿ ಜಾಲಿ ಎದ್ದಿತ್ತು. ಮರಳಿನ ಒಳಗೆ ಮೆಲ್ಲಗೆ ಹರಿದು ಬರುತ್ತಿದ್ದ ನೀರಿಗೆ ನಾನು ಗೋಡೆ ಕಟ್ಟಿಬಿಟ್ಟಿದ್ದೆ. ತಾತ ಅಂದೇ ಅದನ್ನು ಹೇಳಿದ್ದರು. ಆದರೆ ಅವರ ಮಾತನ್ನು ಬರೆದುಕೊಳ್ಳಲು ನನ್ನ ಅಂದಾಜು ಪಟ್ಟಿಯಲ್ಲಿ ಒಂದು ಅಂಕಣವೂ ಇರಲಿಲ್ಲ. ನಾನು ಆ ಊರಿಗೆ ಕ್ಷಮೆ ಕೇಳಲು ಹೋಗುವ ಹೊತ್ತಿಗೆ ಅವರು ಲಿಂಗೈಕ್ಯರಾಗಿದ್ದರು. ಹೌದು, ಲಿಂಗೈಕ್ಯರು ಎಂದೇ ಹೇಳುತ್ತೇನೆ. ಅವರು ಲಿಂಗ ಕಟ್ಟಿದವರಲ್ಲ. ಆದರೆ ಅವರ ಕಾಯಕಕ್ಕೆ ಆ ಮಾತು ಸಲ್ಲಬೇಕು.

ಬೇರೆ ಸೀಮೆಯ ಓದುಗರಿಗಾಗಿ ತಲಪರಿಗೆ ಎಂದರೇನೆಂದು ನಾಲ್ಕು ಮಾತು. ನಮ್ಮದು ಬಯಲುಸೀಮೆ. ಪಾವಗಡದಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರಿಗಿಂತ ಕಡಿಮೆ. ಬಿದ್ದ ಮಳೆ ಬೆಟ್ಟಗಳಿಂದ ಇಳಿದು, ಕೆರೆಯಿಂದ ಕೆರೆಗೆ ಹರಿದು, ಹಳ್ಳದ ಮರಳಿನೊಳಗೆ ಇಂಗುತ್ತದೆ. ಮರಳಿನ ಕೆಳಗೆ ಗಟ್ಟಿ ಕಲ್ಲು ಇರುವುದರಿಂದ ಅದು ಆಳಕ್ಕೆ ಇಳಿಯಲಾರದೆ ಅಡ್ಡಡ್ಡವಾಗಿ ಹರಿಯುತ್ತದೆ. ಕೆಲವು ಜಾಗದಲ್ಲಿ ಮೂರು ನಾಲ್ಕು ಅಡಿ ತೋಡಿದರೆ ಸಾಕು, ತಾನಾಗಿ ಉಕ್ಕುತ್ತದೆ. ಈ ಊಟೆಯೇ ತಲಪರಿಗೆ. ಅಲ್ಲಿಂದ ಒಂದು ಸಣ್ಣ ಕಾಲುವೆ ತೆಗೆದು ಗದ್ದೆಗೆ ನೀರು ಹಾಯಿಸುತ್ತಿದ್ದರು. ಯಂತ್ರವಿಲ್ಲ, ಕರೆಂಟಿಲ್ಲ. ವರ್ಷಕ್ಕೊಮ್ಮೆ ಆ ನೀರಿನ ಹಕ್ಕುದಾರರೆಲ್ಲ ಸೇರಿ ಹೂಳು ತೆಗೆದು, ಗಂಗಮ್ಮನ ಪೂಜೆ ಮಾಡಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಸರದಿ ಗೊತ್ತು ಮಾಡುತ್ತಿದ್ದರು. ದಡದಲ್ಲಿ ಹೊಂಗೆ ಬೆಳೆಯುತ್ತಿತ್ತು. ಅದರ ಸೊಪ್ಪು ಅದೇ ಗದ್ದೆಗೆ ಗೊಬ್ಬರ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಮ್ಮ ನಾಲ್ಕು ತಾಲ್ಲೂಕುಗಳು ತಲಪರಿಗೆಯ ಸೀಮೆ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಆ ಮರಳಿನ ದಾರಿಯುದ್ದಕ್ಕೂ, ಅದಕ್ಕೆ ಸೇರುವ ಹಳ್ಳಗಳುದ್ದಕ್ಕೂ, ಕೆರೆಗಳ ಹಿಂದೆ ಮುಂದೆ ತಲಪರಿಗೆಗಳಿದ್ದವು. ಮರಳು ಲಾರಿಗಳು ಬಂದವು, ಕೊಳವೆಬಾವಿಗಳು ನೂರರಿಂದ ಸಾವಿರ ಅಡಿಗೆ ಇಳಿದವು. ಊಟೆಗಳು ಒಂದೊಂದಾಗಿ ನಿಂತವು. ನನ್ನಂಥ ಎಂಜಿನಿಯರನ ಪಾಲೂ ಅದರಲ್ಲಿದೆ.

ಆದರೆ ಎಲ್ಲವೂ ಸತ್ತಿಲ್ಲ. 2022ರಲ್ಲಿ ಮಳೆ ಚೆನ್ನಾಗಿ ಹಿಡಿದು ಕೆರೆಗಳು ಕೋಡಿ ಬಿದ್ದಾಗ, ಬತ್ತಿಹೋಯಿತೆಂದು ಕೈಬಿಟ್ಟಿದ್ದ ಊಟೆಯಲ್ಲಿ ನೀರು ಆಡುವುದನ್ನು ನಾನೇ ಕಂಡೆ. ಅಲ್ಲಿದ್ದ ಹುಡುಗರಿಗೆ ಅದೇನೆಂದೇ ಗೊತ್ತಿರಲಿಲ್ಲ. “ಪೈಪ್ ಒಡೆದಿರಬೇಕು ಸಾರ್” ಎಂದರು! ನೀರು ತಿರುಗಿ ಬಂದಿತ್ತು, ಅದನ್ನು ಗುರುತಿಸುವವರು ಇರಲಿಲ್ಲ. ಬಂಧುಗಳೇ, ನನ್ನನ್ನು ಇಂದು ಇಲ್ಲಿ ನಿಲ್ಲಿಸಿರುವುದು ಆ ಹುಡುಗರ ಮಾತು.

ಈ ತಲಪರಿಗೆಗಳ ಬಗ್ಗೆ ಕೆಲಸವೇ ಆಗಿಲ್ಲವೆಂದಲ್ಲ. ಬರಹಗಾರ ಮಲ್ಲಿಕಾರ್ಜುನ ಹೊಸಪಾಳ್ಯ ಅವರು ಊರೂರು ತಿರುಗಿ, ಹಿರಿಯರನ್ನು ಮಾತಾಡಿಸಿ ಅವುಗಳನ್ನು ದಾಖಲಿಸಿದ್ದಾರೆ. ಅವರು ಬರೆಯದಿದ್ದರೆ ತಲಪರಿಗೆ ಎಂಬ ಪದ ಜಿಲ್ಲೆಯಾಚೆಗೆ ಕೇಳುತ್ತಲೇ ಇರಲಿಲ್ಲ. ಅಂಥವರು ದಾರಿ ತೋರಿಸಿದ್ದಾರೆ. ಮುಂದಿನ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ಏಕೆಂದರೆ ಒಂದು ತಲಪರಿಗೆಯ ಪೂರ್ತಿ ಅರಿವು ಯಾರೊಬ್ಬರ ತಲೆಯಲ್ಲೂ ಇಲ್ಲ.

ನೋಡಿ, ಊಟೆ ಎಲ್ಲಿ ಒಡೆಯುತ್ತದೆ, ಯಾವ ಮಳೆ ನಕ್ಷತ್ರಕ್ಕೆ ಏರುತ್ತದೆ, ಎಂದಿಗೆ ಇಳಿಯುತ್ತದೆ ಎಂಬುದು ನೀರುಗಂಟಿಗೆ ಗೊತ್ತು. ಅಲ್ಲೇ ಏಕೆ ಒಡೆಯುತ್ತದೆ ಎಂಬುದು ಭೂವಿಜ್ಞಾನಿಗೆ ಗೊತ್ತು. ಈ ಮಧುಗಿರಿ ಬೆಟ್ಟದ ಕಲ್ಲನ್ನು ಅವರು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಅಲ್ಲಿಂದ ಉತ್ತರಕ್ಕೆ ನಮ್ಮ ಸೀಮೆಯನ್ನು ಹಾದುಹೋಗುವ ಈ ಕಲ್ಲಿನ ಪಟ್ಟಿ ಸುಮಾರು 250 ಕೋಟಿ ವರ್ಷ ಹಳೆಯದು. ಈ ಕಲ್ಲಿನ ಸೀಮೆಯಲ್ಲಿ ಅಲ್ಲಲ್ಲಿ ಕಪ್ಪು ಕಲ್ಲಿನ ಅಡ್ಡಗೋಡೆಗಳು ನೆಲದೊಳಗೆ ಓಡುತ್ತವೆ. ಅವು ತಡೆದ ಕಡೆ ಅಂತರ್ಜಲ ಮೇಲಕ್ಕೆ ಬರುವುದುಂಟು.

ಯಾವ ನೀರಿಗೆ ತೊಗರಿಬೇಳೆ ಬೇಗ ಬೇಯುತ್ತದೆ, ಯಾವುದಕ್ಕೆ ಎಷ್ಟು ಸೌದೆ ಉರಿಸಿದರೂ ಬೇಯುವುದಿಲ್ಲ ಎಂಬುದು ನಮ್ಮ ತಾಯಂದಿರಿಗೆ ಗೊತ್ತು. ಅದು ಗಡಸು ನೀರಿನ ಪರೀಕ್ಷೆಯೇ. ನಾವು ಪ್ರಯೋಗಾಲಯದಲ್ಲಿ ಮಾಡುವುದನ್ನು ಅವರು ಒಲೆಯ ಮೇಲೆ ಮಾಡಿದ್ದಾರೆ. ದಡದ ಲಕ್ಕಿ, ಅತ್ತಿ, ನೇರಳೆಗಳ ಸುದ್ದಿ ಸಿದ್ಧರಬೆಟ್ಟದ ಕಡೆಯ ನಾಟಿ ವೈದ್ಯರನ್ನು ಕೇಳಬೇಕು. ಆ ಜಾಗ ಯಾವ ಸರ್ವೆ ನಂಬರು, ಖರಾಬೋ ಹಿಡುವಳಿಯೋ ಎಂಬುದು ಗ್ರಾಮನಕ್ಷೆ ಓದಬಲ್ಲವರಿಗೆ ಗೊತ್ತು. ಕೆರೆ ಕಟ್ಟಿದವರಿಗೆ, ಅದನ್ನು ಕಾಯುವವರಿಗೆ ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಭೂಮಿ ಬಿಡುವ ಪದ್ಧತಿ ಈ ನಾಡಿನ ಶಾಸನಗಳಲ್ಲಿದೆ. ನಮ್ಮ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1904ರಲ್ಲೇ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಅದನ್ನು ಓದಿ ಹೇಳಲು ಶಾಸನ ಬಲ್ಲವರು ಬೇಕು.

ಇನ್ನು ವೈದ್ಯರು. ಪಾವಗಡದ ಫ್ಲೋರೈಡ್ ಸಂಕಟ ಇಲ್ಲಿರುವ ಎಲ್ಲರಿಗೂ ಗೊತ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ಮೂಲವಿಲ್ಲದಿದ್ದರೆ ಒಂದೂವರೆಯವರೆಗೆ ಒಪ್ಪಬಹುದು ಎಂಬುದು ನಮ್ಮ ದೇಶದ ಮಾನದಂಡ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಬೆನ್ನು, ಮಂಡಿ ಬಗ್ಗದಂತಾಗುತ್ತದೆ. ಆಳದ ಕಲ್ಲಿನ ಸಂದಿನಲ್ಲಿ ಬಹುಕಾಲ ನಿಂತ ನೀರಿಗೆ ಕಲ್ಲಿನ ಫ್ಲೋರೈಡ್ ಹೆಚ್ಚು ಇಳಿಯುತ್ತದೆ. ಮೊನ್ನೆಯ ಮಳೆಯ ನೀರು ಮರಳಿನಲ್ಲಿ ಶೋಧಿಸಿ ಮೇಲೇ ಉಕ್ಕಿದರೆ ಸಾಮಾನ್ಯವಾಗಿ ಅದರಲ್ಲಿ ಕಡಿಮೆ ಇರುತ್ತದೆ. ಸಾಮಾನ್ಯವಾಗಿ ಎಂದೆ, ಗಮನಿಸಿ. ಒಂದೊಂದನ್ನೂ ಪರೀಕ್ಷೆ ಮಾಡದೆ ಯಾವ ನೀರನ್ನೂ ಒಳ್ಳೆಯದೆಂದು ಹೇಳಬಾರದು. ಗೊಬ್ಬರ, ಕೊಳಚೆ ಸೇರಿದ್ದರೆ ಮೇಲಿನ ನೀರೇ ಕೆಟ್ಟದ್ದು. ಹಾಗಾಗಿ ತಲಪರಿಗೆಯ ಪಟ್ಟಿಯೂ ಫ್ಲೋರೈಡಿನ ಪಟ್ಟಿಯೂ ಒಂದೇ ಹಾಳೆಯಲ್ಲಿ ಬರಬೇಕು. ಈಗ ಒಂದು ಒಬ್ಬರ ನೆನಪಿನಲ್ಲಿದೆ, ಇನ್ನೊಂದು ಯಾವುದೋ ಬೀರುವಿನಲ್ಲಿದೆ.

ಇವರನ್ನೆಲ್ಲ ಒಂದೆಡೆ ಕೂರಿಸುವುದು ಹೇಗೆ? ಇಲ್ಲಿ ನನಗೆ ಅನುಭವ ಮಂಟಪ ನೆನಪಾಗುತ್ತದೆ. ಅದನ್ನು ನಾವು ಜಗತ್ತಿನ ಮೊದಲ ಸಂಸತ್ತು ಎಂದು ಭಾಷಣಗಳಲ್ಲಿ ಹೊಗಳಿ ಬಿಡುತ್ತೇವೆ. ಅಲ್ಲಿ ಏನು ನಡೆಯಿತು ಎಂಬುದನ್ನು ಒಬ್ಬ ಎಂಜಿನಿಯರನ ಕಣ್ಣಿನಿಂದ ನೋಡಿ. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಮಡಿ ಮಾಡುವ ಮಾಚಿದೇವ, ಅಕ್ಕಿ ಆಯುವ ಮಾರಯ್ಯ–ಲಕ್ಕಮ್ಮ, ವೈದ್ಯ ಸಂಗಣ್ಣ, ಇವರು ಯಾರೂ ತಮ್ಮ ಕಸುಬನ್ನು ಬಾಗಿಲಾಚೆ ಬಿಟ್ಟು ಬರಲಿಲ್ಲ. ಕಸುಬಿನ ಮಾತಿನಲ್ಲೇ ಶಿವಾನುಭವವನ್ನು ಹೇಳಿದರು. ಸಂಗಣ್ಣನವರ ವಚನಗಳಲ್ಲಿ ರೋಗ, ನಾಡಿ, ಮದ್ದುಗಳೇ ತುಂಬಿವೆ. ಕಾಯಕದಿಂದ ಬಂದ ಅರಿವಿಗೆ ಅಲ್ಲಿ ಪೀಠವಿತ್ತು.

ಎರಡನೆಯದು, ಪ್ರಶ್ನೆ ಕೇಳುವ ಹಕ್ಕಿತ್ತು. ಸೊನ್ನಲಿಗೆಯ ಸಿದ್ಧರಾಮ ಶರಣರು ಕೆರೆ ಕಟ್ಟಿಸಿದವರು, ನಮ್ಮಂಥ ಎಂಜಿನಿಯರುಗಳಿಗೆ ಹಿರಿಯಣ್ಣ. ಅಲ್ಲಮಪ್ರಭುಗಳು ಅಲ್ಲಿಗೆ ಬಂದು ಅವರನ್ನು ಒಡ್ಡನೆಂದು ಕರೆದ ಪ್ರಸಂಗ ಶೂನ್ಯ ಸಂಪಾದನೆಯಲ್ಲಿದೆ. ಕೆರೆ ಕಟ್ಟುವುದು ತಪ್ಪೆಂದು ಪ್ರಭುಗಳು ಹೇಳಲಿಲ್ಲ ಎಂದೇ ನಾನು ತಿಳಿದಿದ್ದೇನೆ. ಕಟ್ಟಿದೆನೆಂಬ ಅಹಂಕಾರಕ್ಕೆ ಪೆಟ್ಟು ಕೊಟ್ಟರು. ನನಗೆ ಆ ಪೆಟ್ಟು ಕೊಡಲು ಬಂದವರು ಕುಕ್ಕರಗಾಲಿನಲ್ಲಿ ಕೂತಿದ್ದ ಆ ನೀರುಗಂಟಿ ತಾತ. ಸಿದ್ಧರಾಮರಿಗೆ ಅದು ಅರ್ಥವಾಯಿತು. ನನಗೆ ಆಗಲಿಲ್ಲ.

ಮೂರನೆಯದು, ಬರೆದು ಉಳಿಸಿದರು, ತಿದ್ದಿ ಉಳಿಸಿದರು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನವರು ಶೂನ್ಯ ಸಂಪಾದನೆಯನ್ನು ಮೊದಲು ಸಂಕಲಿಸಿದರು. ಅವರ ನಂತರ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣ್ಣೊಡೆಯರು ಮತ್ತೆ ಮತ್ತೆ ಪರಿಷ್ಕರಿಸಿದರು. ಗೂಳೂರು ಎಂಬ ಹೆಸರಿನ ಊರು ನಮ್ಮ ತುಮಕೂರಿನ ಮಗ್ಗುಲಲ್ಲೇ ಇದೆ. ನಾಲ್ಕು ಪರಿಷ್ಕರಣೆಗಳಾದರೂ ಯಾರೂ ಹಿಂದಿನವರನ್ನು ಅಳಿಸಲಿಲ್ಲ. ಪ್ರತಿಯೊಬ್ಬ ವಚನಕಾರರ ಮಾತಿನ ಕೆಳಗೂ ಅವರ ಅಂಕಿತ ಹಾಗೇ ಉಳಿಯಿತು. ಜ್ಞಾನವನ್ನು ಕೂಡಿಡುವವರಿಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ.

ಹಾಗೆ ಉಳಿದ ವಚನಗಳೂ ಕಾಲಾಂತರದಲ್ಲಿ ಮನೆಮನೆಯ ಜಗಲಿಯ ತಾಡೋಲೆ ಕಟ್ಟುಗಳಲ್ಲಿ ಸೇರಿಹೋಗಿದ್ದವು. ವಿಜಯಪುರದ ವಕೀಲರಾದ ಫ.ಗು. ಹಳಕಟ್ಟಿಯವರು ಅವುಗಳನ್ನು ಹುಡುಕಿ 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ. ಅದಕ್ಕಾಗಿ ಮನೆಯನ್ನೇ ಮಾರಿದರು. ಮುಂದೆ ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ವಿದ್ವಾಂಸರ ತಂಡ ದುಡಿದು, 1993ರಲ್ಲಿ ಸರ್ಕಾರ 15 ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಪ್ರಕಟಿಸಿತು. ಆಮೇಲೆ ಓ.ಎಲ್. ನಾಗಭೂಷಣಸ್ವಾಮಿಯವರಂಥ ಸಾಹಿತ್ಯ ಬಲ್ಲವರೂ ತಂತ್ರಾಂಶ ಬಲ್ಲ ತರುಣರೂ ಸೇರಿ ‘ವಚನ ಸಂಚಯ’ವನ್ನು ಕಟ್ಟಿದರು. ಇಂದು ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆ ಎಂದು ಯಾವ ಹಳ್ಳಿಯ ಹುಡುಗಿಯಾದರೂ ಮೊಬೈಲಿನಲ್ಲಿ ನೋಡಬಹುದು. ಒಬ್ಬರು ಹುಡುಕಿದರು, ಹಲವರು ಶೋಧಿಸಿದರು, ಬೇರೆ ವಿದ್ಯೆಯವರು ಬಂದು ಎಲ್ಲರಿಗೂ ಸಿಗುವಂತೆ ಮಾಡಿದರು. ವಚನಕ್ಕೆ ಆದದ್ದು ನಮ್ಮ ನೀರಿನ ಅರಿವಿಗೂ ಆಗಬೇಕು ಎಂಬುದಷ್ಟೇ ನನ್ನ ಕೋರಿಕೆ.

ಅದಕ್ಕೆ ದಾರಿ ಕಮ್ಮಟ. ಈಗ ಕಮ್ಮಟ ಎಂದರೆ ಕಾರ್ಯಾಗಾರ ಎನ್ನುತ್ತೇವೆ. ಹಿಂದೆ ಕಮ್ಮಟವೆಂದರೆ ನಾಣ್ಯ ಹಾಕುವ ಟಂಕಸಾಲೆ. ಚಿನ್ನವನ್ನು ಕರಗಿಸಿ, ತೂಗಿ, ಒರೆಗೆ ಹಚ್ಚಿ, ಮುದ್ರೆ ಒತ್ತಿದ ಮೇಲೆ ಅದು ಎಲ್ಲರ ಕೈಯಲ್ಲೂ ಚಲಾವಣೆಯಾಗುತ್ತಿತ್ತು. ಅರಿವಿಗೂ ಹಾಗೆಯೇ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒರೆಗೆ ಹಚ್ಚಬೇಕು. ಮಕ್ಕಳು ಡೇಟಾಬೇಸ್ ಎನ್ನುವುದನ್ನು ನಾನು ಕಣಜ ಎನ್ನುತ್ತೇನೆ. ಕಲ್ಲು, ಹೊಟ್ಟು ಕೇರದೆ ಯಾರೂ ಕಣಜಕ್ಕೆ ರಾಗಿ ತುಂಬುವುದಿಲ್ಲ.

ಕಮ್ಮಟ ಹೇಗಿರಬೇಕೆಂದು ನಾನು ಯೋಚಿಸಿರುವುದನ್ನು ಹೇಳುತ್ತೇನೆ. ತಾಲ್ಲೂಕಿಗೊಂದರಂತೆ ನಾಲ್ಕು. ಒಂದೊಂದರಲ್ಲೂ ಇಪ್ಪತ್ತೈದು ಜನಕ್ಕಿಂತ ಹೆಚ್ಚು ಬೇಡ. ಬೆಳಗ್ಗೆ ಎಲ್ಲರೂ ಕಾಲುನಡಿಗೆಯಲ್ಲಿ ಒಂದು ಹಳ್ಳದುದ್ದಕ್ಕೂ ಹೋಗಬೇಕು. ನೀರುಗಂಟಿ ಮುಂದೆ, ಡಿಗ್ರಿ ಇರುವವರು ಹಿಂದೆ. ಮಧ್ಯಾಹ್ನ ಪ್ರಸಾದವಾದ ಮೇಲೆ ಜಮಖಾನದ ಮೇಲೆ ದುಂಡಗೆ ಕೂರಬೇಕು. ವೇದಿಕೆ ಇಲ್ಲ, ಹಾರ ತುರಾಯಿ ಇಲ್ಲ. ಮಾತಿನ ಸರದಿಯೂ ಹಾಗೆಯೇ: ಮೊದಲು ನೀರು ಹಾಯಿಸಿದವರು, ಹೊತ್ತವರು. ಕೊನೆಗೆ ಓದಿದವರು. ಓದಿದವರು ಮೊದಲು ಮಾತಾಡಿದರೆ ಉಳಿದವರು “ಸಾಹೇಬರು ಹೇಳಿದಂಗೇ” ಎಂದು ಸುಮ್ಮನಾಗುತ್ತಾರೆ. ಇದು ನನ್ನ ನೌಕರಿಯುದ್ದಕ್ಕೂ ಕಂಡದ್ದು.

ಒಂದು ತಲಪರಿಗೆಗೆ ಒಂದು ಹಾಳೆ. ಅದರಲ್ಲಿ ಮೂರು ಅಂಕಣ: ಕಂಡದ್ದು, ಕೇಳಿದ್ದು, ಅಳೆದದ್ದು. ಈ ಮೂರನ್ನು ಬೆರೆಸಬಾರದು. “ನಮ್ಮಜ್ಜನ ಕಾಲದಲ್ಲಿ ಬೇಸಿಗೆಯಲ್ಲೂ ನಿಲ್ಲುತ್ತಿರಲಿಲ್ಲ” ಎಂಬುದು ಕೇಳಿದ್ದು. “ಕಳೆದ ಯುಗಾದಿಗೆ ಒಣಗಿತ್ತು” ಎಂಬುದು ಕಂಡದ್ದು. ಅಳೆಯುವುದಕ್ಕೆ ದೊಡ್ಡ ಯಂತ್ರ ಬೇಡ. 15 ಲೀಟರಿನ ಒಂದು ಬಕೆಟ್ಟು, ಒಂದು ಗಡಿಯಾರ ಸಾಕು. ಕಾಲುವೆಯ ಬಾಯಲ್ಲಿ ಬಕೆಟ್ಟು 30 ಸೆಕೆಂಡಿನಲ್ಲಿ ತುಂಬಿತೆನ್ನಿ. ಸೆಕೆಂಡಿಗೆ ಅರ್ಧ ಲೀಟರು. ದಿನಕ್ಕೆ 43,200 ಲೀಟರು. ಜಲಜೀವನ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರಿನಂತೆ ಸುಮಾರು 785 ಜನರಿಗೆ ಸಾಕು. ಕಡ್ಡಿಯಷ್ಟು ಸಣ್ಣ ಊಟೆ ಎಂದು ನಾವು ತಿರುಗಿ ನೋಡದೆ ಹೋದದ್ದು ಒಂದು ಹಳ್ಳಿಯ ನೀರು! ಇದೇ ಅಳತೆಯನ್ನು ಪ್ರತಿ ತಿಂಗಳು ಶಾಲೆಯ ಮಕ್ಕಳು ಮಾಡಿ ಬರೆದರೆ ಐದು ವರ್ಷಕ್ಕೆ ಯಾವ ಕಚೇರಿಯಲ್ಲೂ ಇಲ್ಲದ ದಾಖಲೆ ನಮ್ಮ ಬಳಿ ಇರುತ್ತದೆ.

ಇಬ್ಬರು ಬೇರೆ ಬೇರೆ ಹೇಳಿದರೆ ಎರಡನ್ನೂ ಬರೆಯಬೇಕು, ಯಾರು ಹೇಳಿದರೆಂದೂ ಬರೆಯಬೇಕು. ಪಾವಗಡದ ಕಡೆ ಅರ್ಧ ಮಾತು ತೆಲುಗು. ಹಳ್ಳದ ಹೆಸರು, ಗಿಡದ ಹೆಸರು ಅವರ ಬಾಯಲ್ಲಿ ಹೇಗಿದೆಯೋ ಹಾಗೆ ಬರಲಿ, ಪಕ್ಕದಲ್ಲಿ ಕನ್ನಡದ ಹೆಸರೂ ಇರಲಿ. ಅಲ್ಲಿ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ವಿದ್ಯುತ್ ಪಾರ್ಕು ಬಂದಿದೆ. ರೈತರು ಭೂಮಿಯನ್ನು ಗುತ್ತಿಗೆಗೆ ಕೊಟ್ಟಿದ್ದಾರೆ. ಅದರ ಒಳಿತು ಕೆಡುಕು ಬೇರೆ ಮಾತು. ಆದರೆ ನೆಲದ ರೂಪ ಅಷ್ಟು ಬೇಗ ಬದಲಾದಾಗ ಹೊಲದ ಹೆಸರು, ಹಳ್ಳದ ಹೆಸರು, ಊಟೆಯ ಗುರುತು ಒಂದೇ ತಲೆಮಾರಿನಲ್ಲಿ ಮರೆತುಹೋಗುತ್ತವೆ. ಅಲ್ಲಿ ಮೊದಲ ಕಮ್ಮಟ ಮಾಡಬೇಕೆಂದು ನನ್ನ ಆಸೆ.

ಬರೆದದ್ದನ್ನು ಅಂದೇ ಸಂಜೆ ಗಟ್ಟಿಯಾಗಿ ಓದಿ ಹೇಳಬೇಕು. ಓದಲು ಬಾರದವರು ಕೇಳಿ “ಹೌದು” ಎಂದ ಮೇಲೇ ಅದು ಕಣಜಕ್ಕೆ ಹೋಗಬೇಕು. ಕಾಲೇಜಿನ ಮಕ್ಕಳು ಅದನ್ನು ಕಂಪ್ಯೂಟರಿಗೆ ಹಾಕಲಿ. ಒಂದು ಪ್ರತಿ ಗ್ರಾಮ ಪಂಚಾಯಿತಿಗೆ, ಒಂದು ಶಾಲೆಗೆ, ಒಂದು ಮಠಕ್ಕೆ. ಇದಕ್ಕೆ ಕಾನೂನಿನ ಆಸರೆಯೂ ಇದೆ. 2002ರ ಜೈವಿಕ ವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನರ ಜೊತೆ ಕೂತು ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಇಂಥ ದಾಖಲಾತಿಗೆ ದಾರಿ ಹಾಕಿಕೊಟ್ಟವರಲ್ಲಿ ಪ್ರೊ. ಮಾಧವ ಗಾಡ್ಗೀಳ್ ಪ್ರಮುಖರು. ನಮ್ಮ ತಲಪರಿಗೆಯ ಹಾಳೆ ಆ ದಾಖಲಾತಿಯ ಒಂದು ಭಾಗವಾಗಬಹುದು.

ಆದರೆ ಎಲ್ಲವನ್ನೂ ಎಲ್ಲರಿಗೂ ತೆರೆದಿಡಬಾರದು ಎಂಬುದನ್ನೂ ಹೇಳಲೇಬೇಕು. ಒಳ್ಳೆಯ ಮರಳು ಎಲ್ಲಿದೆ ಎಂದು ನಕ್ಷೆ ಹಾಕಿಕೊಟ್ಟರೆ ನಾಳೆ ರಾತ್ರಿ ಲಾರಿ ಬರುತ್ತದೆ. ಅಪರೂಪದ ಬೇರಿನ ಜಾಗ ಬರೆದಿಟ್ಟರೆ ಬೇರೇ ಉಳಿಯುವುದಿಲ್ಲ. ಯಾವುದು ತೆರೆದ ಹಾಳೆ, ಯಾವುದು ಮುಚ್ಚಿದ ಹಾಳೆ ಎಂಬುದನ್ನು ಆ ಅರಿವು ಯಾರದೋ ಅವರು ಹೇಳಬೇಕು. ಬರೆದುಕೊಂಡವರು ಹೇಳಬಾರದು.

ಇನ್ನು ಕೊನೆಯ ಮಾತು, ಕಹಿಯಾದ ಮಾತು. ಪೂಜ್ಯರು ಕ್ಷಮಿಸಬೇಕು. ನಮ್ಮ ಹಳ್ಳಿಗಳಲ್ಲಿ ನೀರುಗಂಟಿಯ ಕಾಯಕ ಮಾಡಿದವರು ಬಹುಪಾಲು ದಲಿತರು. ಇಡೀ ಊರಿನ ಗದ್ದೆಗೆ ನೀರು ಹಾಯಿಸಿದ ಕೈ ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಅವರು ತೆರೆದ ಊಟೆಯಲ್ಲೇ ಅವರ ಮನೆಯ ಹೆಣ್ಣುಮಕ್ಕಳು ಕೆಳಗೆ ಬೇರೆ ಗುಂಡಿಯಲ್ಲಿ ಕೊಡ ತುಂಬಿಕೊಳ್ಳಬೇಕಿತ್ತು. ಇದು ಬೇರೆಯವರ ಕತೆಯಲ್ಲ. ಬಸವಣ್ಣನವರ ಫೋಟೋ ಇದ್ದ ನಮ್ಮ ಮನೆಗಳ ಊರಿನ ಕತೆ. ತಲಪರಿಗೆಯ ಹಾಳೆಯಲ್ಲಿ ಒಂದು ಸಾಲು ಇದಕ್ಕೂ ಇರಬೇಕು: ಈ ನೀರನ್ನು ಯಾರು ಮುಟ್ಟಬಹುದಿತ್ತು, ಯಾರು ಮುಟ್ಟುವಂತಿರಲಿಲ್ಲ. ಅದನ್ನು ಬಿಟ್ಟು ಹಿರಿಯರ ಜಲಜ್ಞಾನ ಎಂದು ಹೊಗಳಿ ಬರೆದರೆ ನಾವು ಕಣಜಕ್ಕೆ ಹೊಟ್ಟು ತುಂಬಿದಂತೆ. ನೀರುಗಂಟಿಯ ಅರಿವನ್ನು ಬರೆದುಕೊಂಡು, ಅವರ ಹೆಸರನ್ನು ಬಿಟ್ಟು, ಪುಸ್ತಕದ ಮೇಲೆ ನಮ್ಮ ಹೆಸರು ಹಾಕಿಕೊಂಡರೆ ಅದು ಅರಿವಿನ ಕಳ್ಳತನ. ವಚನದಲ್ಲಿ ಅಂಕಿತ ಇದ್ದ ಹಾಗೆ ಹಾಳೆಯಲ್ಲಿ ಅವರ ಹೆಸರಿರಬೇಕು, ಅವರು ಬೇಡವೆಂದರೆ ಮಾತ್ರ ಬಿಡಬೇಕು.

ಆದ್ದರಿಂದಲೇ ಕಮ್ಮಟ ಮಠದಲ್ಲಿ ನಡೆಯಬೇಕು ಎನ್ನುತ್ತೇನೆ. ಮಠಕ್ಕೂ ಬಕೆಟ್ಟಿನ ಲೆಕ್ಕಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಿದ್ದಾರೆ. ನಮ್ಮ ಜಿಲ್ಲೆಯವರಿಗೆ ಈ ಪ್ರಶ್ನೆ ಬರಬಾರದು. ಸಿದ್ಧಗಂಗೆಯಲ್ಲಿ ಪೂಜ್ಯ ಶ್ರೀ ಶಿವಕುಮಾರ ಸ್ವಾಮಿಗಳು ಅನ್ನ, ಅಕ್ಷರ, ಆಶ್ರಯವೆಂದು ತ್ರಿವಿಧ ದಾಸೋಹ ನಡೆಸಿದರು. ಪಂಕ್ತಿಯಲ್ಲಿ ಕೂತ ಮಗುವಿನ ಜಾತಿ ಕೇಳಲಿಲ್ಲ. ಅಂಥ ಪಂಕ್ತಿ ಅರಿವಿಗೂ ಬೇಕು. ಕಚೇರಿಯ ಸಭಾಂಗಣದಲ್ಲಿ ನೀರುಗಂಟಿ ಕೊನೆಯ ಕುರ್ಚಿ ಹುಡುಕುತ್ತಾರೆ. ಮಠದ ಅಂಗಳದಲ್ಲಿ, ಸ್ವಾಮಿಗಳ ಪಕ್ಕದಲ್ಲಿ ಅವರನ್ನು ಕೂರಿಸಿದರೆ ಊರೇ ನೋಡುತ್ತದೆ. ಆದರೆ ಒಂದು ವಿನಂತಿ: ಯಾವ ಮಠವೂ ಈ ಕಣಜಕ್ಕೆ ತನ್ನ ಬೋರ್ಡು ಹಾಕದಿರಲಿ. ಇದು ನಾಲ್ಕು ತಾಲ್ಲೂಕಿನ ಜನರದ್ದು.

1866ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ಮೇಜರ್ ಸ್ಯಾಂಕಿ, ಈ ನಾಡಿನ ಕೆರೆ ಸರಪಳಿ ಎಷ್ಟು ಒತ್ತಾಗಿದೆಯೆಂದರೆ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂಬ ಅರ್ಥದಲ್ಲಿ ಬರೆದಿದ್ದರು. ಆ ಸರಪಳಿ ಕಟ್ಟಿದವರ ಹೆಸರುಗಳಲ್ಲಿ ನಮಗೆ ಸಿಗುವುದು ಎಷ್ಟು? ಕಟ್ಟಿಸಿದ ನಾಯಕರ ಹೆಸರು ಕಲ್ಲಿನ ಮೇಲಿದೆ. ಎಲ್ಲಿ ಕಟ್ಟಬೇಕೆಂದು ತೋರಿಸಿದವನ ಹೆಸರು ಎಲ್ಲೂ ಇಲ್ಲ. ಕಲ್ಲಿಗೆ ಆಗದ್ದು ನಮ್ಮ ಕಾಗದಕ್ಕೆ ಆಗಲಿ.

ಇಂದು ಮನೆಗೆ ಹೋದ ಮೇಲೆ ನಿಮ್ಮ ಊರಿನಲ್ಲಿ ತಲಪರಿಗೆಯ ನೀರು ಹಾಯಿಸಿದ ಹಿರಿಯರು ಯಾರಿದ್ದಾರೆ ಎಂದು ವಿಚಾರಿಸಿ. ಇದ್ದರೆ ಅವರ ಮನೆಗೆ ನೀವೇ ಹೋಗಿ, ಅವರ ಮನೆಯ ನೀರು ಕುಡಿದು, ಒಂದು ಹಾಳೆಯಲ್ಲಿ ಬರೆದುಕೊಂಡು ಬನ್ನಿ. ಮುಂದಿನ ಗೋಷ್ಠಿಯಲ್ಲಿ ಭಾಷಣ ಬೇಡ. ಆ ಹಾಳೆಗಳನ್ನು ಓದೋಣ, ಹಾಳೆಯಲ್ಲಿ ಹೆಸರಿರುವವರೂ ಅಂದು ಇಲ್ಲಿ ಕೂತಿರಲಿ.

ನಾನು ನನ್ನ ಮೊದಲ ಹಾಳೆಯನ್ನು ಬರೆದಿದ್ದೇನೆ. ತಲಪರಿಗೆ ಬತ್ತಿದೆ. ಕಾರಣದ ಅಂಕಣದಲ್ಲಿ ನನ್ನ ಹೆಸರಿದೆ. ಹೇಳಿದವರ ಅಂಕಣದಲ್ಲಿ ಆ ತಾತನ ಹೆಸರಿದೆ.